ವೆರ್ಸಿಯೆರಾ: ಆನ್ಯೇಸಿ ಕರ್ವ್‌ಗೆ 'ಮಾಟಗಾತಿ' ಅನ್ನೋ ಹೆಸರು ಬಂದದ್ದು ಹೇಗೆ

ಪ್ರಶ್ನೆ: ನಾನು ಎಂಎಸ್ಸಿ ಮ್ಯಾಥ್ಸ್ ಓದ್ತಿದೀನಿ. ಕ್ಯಾಲ್ಕುಲಸ್ ಪುಸ್ತಕದಲ್ಲಿ 'ವಿಚ್ ಆಫ್ ಅಗ್ನೇಸಿ' ಅಂತ ಒಂದು ಕರ್ವ್ ಇದೆ. ನೋಡೋಕೆ ಗಂಟೆ ಆಕಾರ, ಮಾಟಗಾತಿಗೆ ಸಂಬಂಧ ಇರೋ ಥರದ್ದು ಏನೂ ಕಾಣ್ಲಿಲ್ಲ. ನಮ್ಮ ಲೆಕ್ಚರರ್ ಒಬ್ರು, "ಆ ಕಾಲದಲ್ಲಿ ಗಣಿತ ಮಾಡೋ ಹೆಂಗಸನ್ನ ಮಾಟಗಾತಿ ಅಂತಿದ್ರು, ಅದಕ್ಕೇ ಈ ಹೆಸರು" ಅಂದ್ರು. ಇದು ನಿಜಾನಾ? ಇಟಾಲಿಯನ್‌ನಲ್ಲಿ ಮೂಲ ಪದ ಏನು, ಅದರ ಅರ್ಥ ಏನು? ಕನ್ನಡದಲ್ಲಿ ಸೆಮಿನಾರ್ ಕೊಡ್ಬೇಕು, ಈ ಕರ್ವನ್ನ ಏನಂತ ಕರೀಲಿ?

ಉತ್ತರ: ಮೊದಲು ನೇರವಾಗಿ ಹೇಳ್ಬಿಡ್ತೀನಿ, ವಿವರ ಆಮೇಲೆ. ಇಲ್ಲ, ಅದು ಅಗ್ನೇಸಿ ಅನ್ನೋ ಆ ಇಟಲಿಯ ಗಣಿತಜ್ಞೆಯನ್ನ ಬೈಯೋಕೆ ಇಟ್ಟ ಹೆಸರಲ್ಲ. ಇಟಾಲಿಯನ್‌ನಲ್ಲಿ ಈ ಕರ್ವ್‌ನ ಹೆಸರು 'ವೆರ್ಸಿಯೆರಾ'. ಲ್ಯಾಟಿನ್‌ನಲ್ಲಿ 'ತಿರುಗಿಸು' ಅನ್ನೋ ಅರ್ಥದ 'ವೆರ್ತೆರೆ' ಅಂತ ಒಂದು ಕ್ರಿಯಾಪದ ಇದೆಯಲ್ಲ, ಅದರಿಂದ ಬಂದ ಪದ. ಇಟ್ಟವನು ಗ್ವಿದೋ ಗ್ರಾಂದಿ ಅನ್ನೋ ಸನ್ಯಾಸಿ ಗಣಿತಜ್ಞ. ಮಾಟಗಾತಿ ಬಂದದ್ದು ಇಟಲಿಯಲ್ಲಿ ಅಲ್ಲ, ಇಂಗ್ಲೆಂಡಿನಲ್ಲಿ, ಇಂಗ್ಲಿಷ್ ಅನುವಾದದಲ್ಲಿ. ಆದ್ರೆ ಆ ಅನುವಾದಕನ ಕೈಲಿ ಹಾಗೆ ಆಗೋಕೆ ಇಟಾಲಿಯನ್ ಭಾಷೆಯೊಳಗೇ ಒಂದು ಕಾರಣ ಇತ್ತು, ಅದೇ ಈ ಕಥೆಯ ಸ್ವಾರಸ್ಯ.

ಉಚ್ಚಾರಣೆ ವಿಷಯ ಈಗಲೇ ಹೇಳ್ಬಿಡ್ತೀನಿ, ಸೆಮಿನಾರ್‌ಗೆ ಬೇಕಾಗುತ್ತೆ. 'ಅಗ್ನೇಸಿ' ಅಂತ ನಾವು ಇಂಗ್ಲಿಷ್ ಸ್ಪೆಲಿಂಗ್ ನೋಡ್ಕೊಂಡು ಹೇಳೋದು. ಇಟಾಲಿಯನ್‌ನಲ್ಲಿ ಜಿ ಮತ್ತು ಎನ್ ಒಟ್ಟಿಗೆ ಬಂದ್ರೆ ಹೆಚ್ಚುಕಮ್ಮಿ ನಮ್ಮ 'ಞ' ಧ್ವನಿ, ಲಸಾನ್ಯ ಅಂತೀವಲ್ಲ ಹಾಗೆ. ಅದಕ್ಕೆ ನಾನು 'ಆನ್ಯೇಸಿ' ಅಂತಲೇ ಬರೀತೀನಿ. ಪೂರ್ತಿ ಹೆಸರು ಮಾರಿಯಾ ಗಯೆತಾನಾ ಆನ್ಯೇಸಿ, ಹುಟ್ಟಿದ್ದು 1718ರಲ್ಲಿ ಮಿಲಾನ್‌ನಲ್ಲಿ.

ಈ 1718 ಅನ್ನೋ ಇಸವಿ ನೆನಪಲ್ಲಿಟ್ಕೊಳ್ಳಿ. ಗ್ರಾಂದಿ 'ವೆರ್ಸಿಯೆರಾ' ಅನ್ನೋ ಹೆಸರನ್ನ ಅಚ್ಚಿನಲ್ಲಿ ಕೊಟ್ಟದ್ದೂ 1718ರಲ್ಲೇ. ಅಂದ್ರೆ ಕರ್ವ್‌ಗೆ ಹೆಸರು ಬಿದ್ದಾಗ ಆನ್ಯೇಸಿ ಇನ್ನೂ ಕೂಸು. ಹೆಸರಿಗೂ ಆಕೆಗೂ ಸಂಬಂಧ ಕಟ್ಟೋ ಯಾವ ಕಥೆಯೂ ಈ ಒಂದು ಇಸವಿ ಮುಂದೆ ನಿಲ್ಲಲ್ಲ. ನಿಮ್ಮ ಲೆಕ್ಚರರ್ ಹೇಳಿದ್ದನ್ನ ಬಹಳ ಕಡೆ ಹೇಳ್ತಾರೆ, ಕೇಳೋಕೂ ನಂಬೋ ಹಾಗೇ ಇದೆ, ಆದ್ರೆ ಅದು ನಡೆದದ್ದಲ್ಲ.

ಗ್ರಾಂದಿ ಬಗ್ಗೆ ಸ್ವಲ್ಪ. 1671ರಲ್ಲಿ ಕ್ರೆಮೊನಾದಲ್ಲಿ ಹುಟ್ಟಿದವನು, ಕಮಾಲ್ಡೊಲಿ ಪಂಥದ ಸನ್ಯಾಸಿ, ಪೀಸಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್, ತೀರ್ಕೊಂಡದ್ದು 1742ರಲ್ಲಿ. 1 − 1 + 1 − 1 ಅಂತ ಹೋಗ್ತಾ ಇರೋ ಸೀರೀಸ್‌ನ ನೀವು ಅನಾಲಿಸಿಸ್‌ನಲ್ಲಿ ಓದಿರ್ತೀರಿ, ಅದಕ್ಕೆ ಇವತ್ತಿಗೂ ಗ್ರಾಂದಿ ಸೀರೀಸ್ ಅಂತಲೇ ಹೆಸರು, ಅದೇ ಮನುಷ್ಯ. 1703ರಲ್ಲಿ ವೃತ್ತ ಮತ್ತು ಹೈಪರ್ಬೊಲಾಗಳ ಕ್ಷೇತ್ರಫಲದ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಪುಸ್ತಕ ತಂದ, ಅದರಲ್ಲಿ ಈ ಕರ್ವ್ ಬರುತ್ತೆ. ಅವನಿಗಿಂತ ಮುಂಚೆ ಫ್ರಾನ್ಸಿನ ಫರ್ಮಾ ಕೂಡ ಇದರ ಕ್ಷೇತ್ರಫಲ ನೋಡಿದ್ದ, ಆದ್ರೆ ಹೆಸರಿಟ್ಟಿರ್ಲಿಲ್ಲ. ಆಮೇಲೆ 1718ರಲ್ಲಿ ಫ್ಲಾರೆನ್ಸ್‌ನಲ್ಲಿ ಗೆಲಿಲಿಯೊ ಕೃತಿಗಳನ್ನ ಮತ್ತೆ ಅಚ್ಚು ಹಾಕಿದಾಗ, ವೇಗ ಹೆಚ್ಚಾಗ್ತಾ ಬೀಳೋ ವಸ್ತುಗಳ ಬಗ್ಗೆ ಗೆಲಿಲಿಯೊ ಬರೆದ ಭಾಗಕ್ಕೆ ಗ್ರಾಂದಿ ಟಿಪ್ಪಣಿ ಬರೆದ. ಆ ಟಿಪ್ಪಣೀಲಿ ಅವನು ಹೇಳೋದರ ಸಾರ ಇಷ್ಟು: ನನ್ನ ಪುಸ್ತಕದ ನಾಲ್ಕನೇ ಪ್ರಮೇಯದಲ್ಲಿ ವಿವರಿಸಿದ ಕರ್ವ್, ವರ್ಸ್ಡ್ ಸೈನ್‌ಗಳಿಂದ ಹುಟ್ಟಿದ್ದು, ಇದನ್ನ ನಾನು ಇಟಾಲಿಯನ್‌ನಲ್ಲಿ ವೆರ್ಸಿಯೆರಾ ಅಂತೀನಿ, ಲ್ಯಾಟಿನ್‌ನಲ್ಲಿ ವೆರ್ಸೋರಿಯಾ.

ಹೆಸರಿಟ್ಟವನೇ ಹೆಸರಿನ ಕಾರಣವನ್ನೂ ಹೇಳಿಬಿಟ್ಟಿದಾನೆ. ವ್ಯುತ್ಪತ್ತಿ ಹುಡುಕೋರಿಗೆ ಇದಕ್ಕಿಂತ ದೊಡ್ಡ ಅದೃಷ್ಟ ಇಲ್ಲ, ಎಷ್ಟೋ ಪದಗಳಿಗೆ ನಾವು ಊಹೆಯಲ್ಲೇ ಕೈ ಆಡಿಸ್ಬೇಕು.

ಈಗ 'ವರ್ಸ್ಡ್ ಸೈನ್‌ನಿಂದ ಹುಟ್ಟಿದ್ದು' ಅಂದ್ರೇನು ಅಂತ ಲೆಕ್ಕ ಮಾಡೇ ನೋಡೋಣ, ಇದನ್ನ ಮಾಡದೇ ಬರೀ ಪದದ ಕಥೆ ಕೇಳಿದ್ರೆ ಅರ್ಧ ಮಾತ್ರ ಅರ್ಥ ಆಗೋದು. ಒಂದು ವೃತ್ತ ಬರೀರಿ, ವ್ಯಾಸ 10. ಕೆಳಗಿನ ತುದೀಲಿ ಒಂದು ಬಿಂದು, ಅಲ್ಲಿಂದ ನೆಟ್ಟಗೆ ಮೇಲಕ್ಕೆ ವ್ಯಾಸ. ಈ ವ್ಯಾಸದ ಮೇಲೆ ಯಾವುದೋ ಒಂದು ಎತ್ತರದಲ್ಲಿ ಅಡ್ಡಗೆರೆ ಎಳೀರಿ, ಅದು ವೃತ್ತವನ್ನ ಎರಡೂ ಕಡೆ ಕತ್ತರಿಸುತ್ತೆ. ಕೆಳಗಿನ ತುದಿಯಿಂದ ಆ ಅಡ್ಡಗೆರೆವರೆಗಿನ ಎತ್ತರವೇ ಹಳೇ ಲೆಕ್ಕದಲ್ಲಿ ವರ್ಸ್ಡ್ ಸೈನ್. ವ್ಯಾಸದಿಂದ ವೃತ್ತದವರೆಗೆ ಅಡ್ಡಕ್ಕೆ ಇರೋ ಅರ್ಧ ಗೆರೆ ಮಾಮೂಲಿ ಸೈನ್. ಆನ್ಯೇಸಿ 1748ರ ತನ್ನ ಗಣಿತ ಪುಸ್ತಕದಲ್ಲಿ ಈ ಕರ್ವನ್ನ ಒಂದು ಸಮಸ್ಯೆಯಾಗಿ ಕೊಡ್ತಾಳೆ: ಅದೇ ಅಡ್ಡಗೆರೆಯನ್ನ ವೃತ್ತದಿಂದ ಆಚೆಗೆ ಬೆಳೆಸಿ ಒಂದು ಬಿಂದು ಹುಡುಕ್ಬೇಕು, ಹೇಗಿರ್ಬೇಕು ಅಂದ್ರೆ ಎತ್ತರಕ್ಕೂ ಅರ್ಧ ಗೆರೆಗೂ ಇರೋ ಅನುಪಾತವೇ ವ್ಯಾಸಕ್ಕೂ ಆ ಬಿಂದುವಿನ ದೂರಕ್ಕೂ ಇರ್ಬೇಕು. ಅಂಥ ಬಿಂದುಗಳು ಲೆಕ್ಕವಿಲ್ಲದಷ್ಟಿವೆ, ಅವೆಲ್ಲ ಸೇರಿ ಆಗೋ ಗೆರೆ ಯಾವುದು?

ಎತ್ತರ 2 ಅಂತ ಇಟ್ಕೊಳ್ಳಿ. ವ್ಯಾಸದಲ್ಲಿ ಉಳಿದದ್ದು 8. ಅರ್ಧ ಗೆರೆಯ ವರ್ಗ 2 × 8 = 16, ಹಾಗಾಗಿ ಅರ್ಧ ಗೆರೆ 4. ಈಗ 2ಕ್ಕೆ 4 ಹೇಗೋ 10ಕ್ಕೆ 20 ಹಾಗೆ. ಅಂದ್ರೆ ನಮ್ಮ ಬಿಂದು ಮಧ್ಯದಿಂದ 20 ದೂರ, 2 ಎತ್ತರ. ಎತ್ತರ 5 ತಗೊಂಡ್ರೆ ಅರ್ಧ ಗೆರೆಯೂ 5, ದೂರ 10. ಎತ್ತರ 8 ತಗೊಂಡ್ರೆ ಅರ್ಧ ಗೆರೆ ಮತ್ತೆ 4, ದೂರ 5. ಎತ್ತರ 1 ಆದ್ರೆ ಅರ್ಧ ಗೆರೆ 3, ದೂರ 30. ಎತ್ತರ ಪೂರ್ತಿ 10 ಆದ್ರೆ ಅರ್ಧ ಗೆರೆ ಸೊನ್ನೆ, ದೂರವೂ ಸೊನ್ನೆ, ಅದೇ ಕರ್ವ್‌ನ ನೆತ್ತಿ. ಈ ಬಿಂದುಗಳನ್ನ ಗ್ರಾಫ್ ಶೀಟ್ ಮೇಲೆ ಗುರುತು ಮಾಡಿ ಎರಡೂ ಕಡೆ ಸೇರಿಸಿ, ನಿಮ್ಮ ಪುಸ್ತಕದಲ್ಲಿರೋ ಗಂಟೆ ಆಕಾರ ಕಣ್ಮುಂದೆ ಬರುತ್ತೆ. ಸೂತ್ರ ಬೇಕಂದ್ರೆ ಎತ್ತರ = 1000 ÷ (ದೂರದ ವರ್ಗ + 100). 20 ಹಾಕಿ ನೋಡಿ, 1000 ÷ 500, ಎರಡೇ ಬರುತ್ತೆ. ಸೆಮಿನಾರ್‌ನಲ್ಲಿ ಈ ಐದು ಬಿಂದುಗಳನ್ನ ಬೋರ್ಡ್ ಮೇಲೆ ಹಾಕಿ ತೋರಿಸಿ, ಎಲ್ಲ ಪೂರ್ಣಾಂಕಗಳೇ ಬರೋದ್ರಿಂದ ಕೂತವರಿಗೆ ತಕ್ಷಣ ಹಿಡಿಯುತ್ತೆ.

ನೋಡಿ, ಇಲ್ಲಿ ಕರ್ವ್‌ನ ಪ್ರತಿಯೊಂದು ಬಿಂದುವಿನ ಎತ್ತರವೂ ಆ ವೃತ್ತದ ಒಂದು ವರ್ಸ್ಡ್ ಸೈನ್. ಗ್ರಾಂದಿ 'ಅದರಿಂದ ಹುಟ್ಟಿದ್ದು' ಅಂದದ್ದು ಇದಕ್ಕೇ. ಲ್ಯಾಟಿನ್‌ನಲ್ಲಿ ವರ್ಸ್ಡ್ ಸೈನ್‌ಗೆ 'ಸಿನುಸ್ ವೆರ್ಸುಸ್' ಅಂತಾರೆ, ತಿರುಗಿಸಿದ ಸೈನ್ ಅಂತ. ಇಟಾಲಿಯನ್‌ನಲ್ಲಿ 'ಸೆನೊ ವೆರ್ಸೊ'. ಆ 'ವೆರ್ಸುಸ್' ಅನ್ನೋದನ್ನ ಹಿಡ್ಕೊಂಡು ವೆರ್ಸೋರಿಯಾ, ಅದರ ಇಟಾಲಿಯನ್ ರೂಪ ವೆರ್ಸಿಯೆರಾ. ಕ್ರಿಕೆಟ್‌ನಲ್ಲಿ ಇಂಡಿಯಾ ವರ್ಸಸ್ ಆಸ್ಟ್ರೇಲಿಯಾ ಅಂತೀವಲ್ಲ, ಅದೂ ಇದೇ ಪದ, ಮುಖ ತಿರುಗಿಸಿ ಎದುರಾಎದುರು ನಿಂತದ್ದು ಅಂತ.

ಈಗ ನಿಮಗೆ ಖುಷಿ ಆಗೋ ಭಾಗಕ್ಕೆ ಬರ್ತೀನಿ. ಮೇಲೆ ನಾವು 2 × 8 = 16 ಅಂತ ಅರ್ಧ ಗೆರೆ ಕಂಡುಹಿಡಿದ್ವಲ್ಲ, ಆ ನಿಯಮ ಆರ್ಯಭಟನ ಗ್ರಂಥದಲ್ಲಿ ಅರ್ಧ ಶ್ಲೋಕದಲ್ಲಿದೆ, 'ವೃತ್ತೇ ಶರಸಂವರ್ಗೋಽರ್ಧಜ್ಯಾವರ್ಗಃ ಸ ಖಲು ಧನುಷೋಃ' ಅಂತ. ವೃತ್ತದಲ್ಲಿ ಎರಡು ಶರಗಳ ಗುಣಲಬ್ಧ ಅರ್ಧಜ್ಯಾದ ವರ್ಗಕ್ಕೆ ಸಮ. ಕ್ರಿ.ಶ. 499ರ ಕಾಲದ್ದು. ವೃತ್ತದ ಕಂಸ (ಆರ್ಕ್) ಅಂದ್ರೆ ಬಿಲ್ಲು, ಅದರ ಎರಡು ತುದಿ ಸೇರಿಸೋ ಗೆರೆ ಹೆದೆ, ಸಂಸ್ಕೃತದಲ್ಲಿ ಜ್ಯಾ, ನಡುವೆ ನಿಂತ ಗೆರೆ ಬಾಣ ಅಂದ್ರೆ ಶರ. ಆ ಶರವೇ ಯೂರೋಪಿನ ವರ್ಸ್ಡ್ ಸೈನ್, ಅದಕ್ಕೆ ಸೂರ್ಯಸಿದ್ಧಾಂತ ಥರದ ಗ್ರಂಥಗಳಲ್ಲಿ ಉತ್ಕ್ರಮಜ್ಯಾ ಅಂತ ಇನ್ನೊಂದು ಹೆಸರು, ಹಿಮ್ಮುಖ ಕ್ರಮದ ಜ್ಯಾ ಅಂತ. ನಮ್ಮ ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯ, ಅಮೋಘವರ್ಷ ನೃಪತುಂಗನನ್ನ ಹೊಗಳಿ ಗಣಿತಸಾರಸಂಗ್ರಹ ಬರೆದವನು, ಅವನೂ ಬಿಲ್ಲಿನಾಕಾರದ ಕ್ಷೇತ್ರಗಳಿಗೆ ಇದೇ ಬಿಲ್ಲು, ಹೆದೆ, ಬಾಣದ ಮಾತಲ್ಲೇ ಲೆಕ್ಕ ಕೊಡ್ತಾನೆ. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇವತ್ತಿಗೂ ವೃತ್ತದ ಕಾರ್ಡ್ ಅಂದ್ರೆ ಜ್ಯಾ, ರೇಡಿಯಸ್ ಅಂದ್ರೆ ತ್ರಿಜ್ಯ. ತ್ರಿಜ್ಯ ಯಾಕೆ ಅಂದ್ರೆ ಮೂರು ರಾಶಿಯ ಜ್ಯಾ ಅದು, ಒಂದು ರಾಶಿಗೆ 30 ಡಿಗ್ರಿ, ಮೂರಕ್ಕೆ 90, 90 ಡಿಗ್ರಿಯ ಅರ್ಧಜ್ಯಾ ಅಂದ್ರೆ ರೇಡಿಯಸ್ಸೇ.

ಈ ಜ್ಯಾ, ಅದರ ಇನ್ನೊಂದು ರೂಪ ಜೀವಾ, ಖಗೋಳ ಗ್ರಂಥಗಳ ಜೊತೆ ಅರಬ್ಬಿಗೆ ಹೋಯ್ತು. ಅಲ್ಲಿ ಅದನ್ನ ಕೇಳಿಸಿದ ಹಾಗೇ 'ಜೀಬಾ' ಅಂತ ಬರಕೊಂಡ್ರು. ಅರಬ್ಬಿ ಬರಹದಲ್ಲಿ ಹ್ರಸ್ವ ಸ್ವರ ಬರೆಯೋ ರೂಢಿ ಕಮ್ಮಿ, ವ್ಯಂಜನಗಳಷ್ಟೇ ನೋಡಿದವರಿಗೆ ಅದು 'ಜೈಬ್' ಅಂತ ಓದ್ಕೊಳ್ಳೋ ಹಾಗಿತ್ತು, ಜೈಬ್ ಅಂದ್ರೆ ಬಟ್ಟೆಯ ಎದೆಭಾಗದ ಮಡಿಕೆ. ನಾವು ಅಂಗಿ ಜೇಬು ಅಂತೀವಲ್ಲ, ಅದು ಇದೇ ಅರಬ್ಬಿ ಪದ, ಪರ್ಶಿಯನ್ ದಾರೀಲಿ ಕನ್ನಡಕ್ಕೆ ಬಂದದ್ದು. 12ನೇ ಶತಮಾನದಲ್ಲಿ ಅರಬ್ಬಿಯಿಂದ ಲ್ಯಾಟಿನ್‌ಗೆ ತಂದ ಅನುವಾದಕರು, ಅವರಲ್ಲಿ ಕ್ರೆಮೊನಾದ ಜೆರಾರ್ಡ್ ದೊಡ್ಡ ಹೆಸರು, ಜೈಬ್‌ಗೆ ಮಡಿಕೆ, ಎದೆ ಅನ್ನೋ ಅರ್ಥದ 'ಸಿನುಸ್' ಅಂತ ಹಾಕಿದ್ರು. ಅದೇ ಇಟಾಲಿಯನ್‌ನಲ್ಲಿ ಸೆನೊ, ಇವತ್ತಿಗೂ ಇಟಲಿಯಲ್ಲಿ ಸೆನೊ ಅಂದ್ರೆ ಎದೆಯೂ ಹೌದು, ಟ್ರಿಗನಾಮೆಟ್ರಿ ಸೈನೂ ಹೌದು. ತಿರುಗಿಸಿದ ಸೈನ್‌ಗೆ ಅರಬ್ಬಿಯಲ್ಲಿ 'ಜೈಬ್ ಮಅಕೂಸ್' ಅಂತಿದ್ರು, ತಿರುವುಮುರುವಾದ ಜೈಬ್. ಅದೇ ಲ್ಯಾಟಿನ್‌ನ ಸಿನುಸ್ ವೆರ್ಸುಸ್. ಉತ್ಕ್ರಮಜ್ಯಾ, ಜೈಬ್ ಮಅಕೂಸ್, ಸಿನುಸ್ ವೆರ್ಸುಸ್, ಆಮೇಲೆ ವೆರ್ಸಿಯೆರಾ. ಕ್ರೆಮೊನಾದಲ್ಲಿ ಹುಟ್ಟಿದ ಗ್ರಾಂದಿ, ಅದೇ ಊರಿನ ಜೆರಾರ್ಡ್ ಐನೂರು ವರ್ಷದ ಹಿಂದೆ ಬಳಸಿದ ಪದದ ಮೇಲೇ ಹೊಸ ಪದ ಕಟ್ಟಿದ.

ಇನ್ನೊಂದು ಮಾತು ಇದ್ರ ಜೊತೆಗೇ. ಲ್ಯಾಟಿನ್‌ನ ವೆರ್ತೆರೆಯೂ ಸಂಸ್ಕೃತದ 'ವೃತ್' ಧಾತುವೂ ಒಂದೇ ಹಳೇ ಬೇರಿಂದ ಬಂದವು ಅನ್ನೋದು ಭಾಷಾಶಾಸ್ತ್ರದಲ್ಲಿ ಗಟ್ಟಿಯಾಗಿ ಒಪ್ಪಿರೋ ವಿಷಯ. ವೃತ್ತ, ಆವರ್ತ, ಪರಿವರ್ತನೆ ಎಲ್ಲ ಆ ಧಾತುವಿನಿಂದಲೇ. ಹಾಗಾಗಿ ವೆರ್ಸಿಯೆರಾ ಮತ್ತು ವೃತ್ತ ದಾಯಾದಿ ಪದಗಳು. ಆದ್ರೆ ಇದನ್ನ ಸೆಮಿನಾರ್‌ನಲ್ಲಿ ಹೇಳೋವಾಗ ಎಚ್ಚರ: ದಾಯಾದಿ ಅಂದ್ರೆ ಸಂಸ್ಕೃತದಿಂದ ಇಟಾಲಿಯನ್‌ಗೆ ಹೋಯ್ತು ಅಂತ ಅಲ್ಲ, ಎರಡೂ ಬೇರೆಬೇರೆಯಾಗಿ ಒಂದೇ ಮೂಲದಿಂದ ಬೆಳೆದವು. ಜ್ಯಾದಿಂದ ಸಿನುಸ್‌ವರೆಗಿನದ್ದು ನಿಜವಾದ ಪ್ರಯಾಣ, ಕೈಯಿಂದ ಕೈಗೆ ಹೋದದ್ದು. ಇವೆರಡನ್ನ ಕಲಸಿಬಿಟ್ರೆ ಒಳ್ಳೇ ವಾದವೂ ಕೆಡುತ್ತೆ, ಹೀಗೆ ಕಲಸೋರು ನಮ್ಮಲ್ಲಿ ಬಹಳ ಜನ ಇದಾರೆ ಅದಕ್ಕೇ ಹೇಳಿದೆ.

ಕೆಲವು ಪುಸ್ತಕಗಳಲ್ಲಿ ಬೇರೆ ವಿವರಣೆ ಸಿಗುತ್ತೆ. ವೆರ್ಸೋರಿಯಾ ಅಂದ್ರೆ ಹಾಯಿದೋಣಿಯಲ್ಲಿ ಹಾಯಿ ತಿರುಗಿಸೋ ಹಗ್ಗ, ಅದಕ್ಕೇ ಕರ್ವ್‌ಗೆ ಆ ಹೆಸರು ಅಂತ. ಹಳೇ ಲ್ಯಾಟಿನ್‌ನಲ್ಲಿ ಹಗ್ಗಕ್ಕೆ ಆ ಪದ ಇದ್ದದ್ದು ನಿಜ. ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ, ಗ್ರಾಂದಿ ತಾನೇ ವರ್ಸ್ಡ್ ಸೈನ್ ಅಂತ ಬರೆದಿಟ್ಟಿರೋವಾಗ ಹಗ್ಗವನ್ನ ಮುಖ್ಯ ಕಾರಣ ಮಾಡೋದು ಸರಿಯಲ್ಲ. ಲ್ಯಾಟಿನ್ ರೂಪ ಬೇಕಾಗಿತ್ತು, ತಿರುಗಿಸೋದಕ್ಕೆ ಸಂಬಂಧಪಟ್ಟ ಪದ ಆಗಲೇ ಭಾಷೆಯಲ್ಲಿತ್ತು, ಅದನ್ನ ತಗೊಂಡ, ಅಷ್ಟೇ.

ಹಾಗಾದ್ರೆ ಮಾಟಗಾತಿ ಎಲ್ಲಿಂದ ಬಂದ್ಲು? ಕ್ರೈಸ್ತರಲ್ಲಿ ಸೈತಾನನಿಗೆ 'ವಿರೋಧಿ' ಅಂತ ಹೆಸರು, ಲ್ಯಾಟಿನ್‌ನಲ್ಲಿ 'ಅದ್ವೆರ್ಸಾರಿಯುಸ್'. ಹಳೇ ಇಟಾಲಿಯನ್‌ನಲ್ಲಿ ಅದು 'ಅವ್ವೆರ್ಸಿಯೆರೊ' ಆಯ್ತು, ಅದರ ಸ್ತ್ರೀಲಿಂಗ 'ಅವ್ವೆರ್ಸಿಯೆರಾ', ಅಂದ್ರೆ ಹೆಣ್ಣು ಪಿಶಾಚಿ, ಸೈತಾನನ ಹೆಂಡತಿ. ಜನ ಮಾತಾಡ್ತಾ ಮಾತಾಡ್ತಾ ಮೊದಲ 'ಅವ್' ಬಿದ್ದುಹೋಗಿ ಟಸ್ಕನಿ ಕಡೆ ಬರೀ 'ವೆರ್ಸಿಯೆರಾ' ಅಂತಲೂ ಆಯ್ತು. ಹಾಗಾಗಿ ಗ್ರಾಂದಿ ಕಟ್ಟಿದ ಗಣಿತದ ವೆರ್ಸಿಯೆರಾ, ಆಡುಮಾತಿನ ಪಿಶಾಚಿ ವೆರ್ಸಿಯೆರಾ, ಎರಡೂ ಅಕ್ಷರ ಅಕ್ಷರಕ್ಕೆ ಒಂದೇ ಆಗಿ ಕೂತ್ವು. ಅದರ ಮೇಲೆ ಇಟಾಲಿಯನ್‌ನಲ್ಲಿ ಸ್ತ್ರೀಲಿಂಗ ಪದದ ಮೊದಲಿಗೆ 'ಲಾ' ಸೇರಿಸ್ತಾರೆ. 'ಲಾ ವೆರ್ಸಿಯೆರಾ' ಅಂದ್ರೂ 'ಲವ್ವೆರ್ಸಿಯೆರಾ' ಅಂದ್ರೂ ಕಿವಿಗೆ ತುಂಬ ಹತ್ತಿರ. ಅದ್ವೆರ್ಸಾರಿಯುಸ್‌ನ ಒಳಗಿರೋದೂ ಅದೇ ವೆರ್ತೆರೆ, ನಮ್ಮ ವಿರುದ್ಧ ತಿರುಗಿ ನಿಂತವನು ಅಂತ. ಪಿಶಾಚಿ ಪದವೂ ಕರ್ವ್‌ನ ಪದವೂ ಎರಡು ಬೇರೆ ದಾರೀಲಿ ಬಂದ ಒಂದೇ ಧಾತುವಿನ ಮಕ್ಕಳು.

ಈಗ ಅನುವಾದಕನ ಸರದಿ. ಜಾನ್ ಕೋಲ್ಸನ್, ಕೇಂಬ್ರಿಡ್ಜ್‌ನಲ್ಲಿ ಲುಕಾಸಿಯನ್ ಪ್ರೊಫೆಸರ್, ಅದು ಹಿಂದೆ ನ್ಯೂಟನ್ ಕೂತಿದ್ದ ಪೀಠ. ನ್ಯೂಟನ್‌ನ ಫ್ಲಕ್ಷನ್ಸ್ (ಅಂದ್ರೆ ಅವನ ಕ್ಯಾಲ್ಕುಲಸ್) ಪುಸ್ತಕವನ್ನ ಲ್ಯಾಟಿನ್‌ನಿಂದ 1736ರಲ್ಲಿ ಇಂಗ್ಲಿಷ್‌ಗೆ ತಂದವನೂ ಇವನೇ. ಆನ್ಯೇಸಿ ಪುಸ್ತಕದ ಬಗ್ಗೆ ಗೊತ್ತಾದ ಮೇಲೆ ಇಂಗ್ಲೆಂಡಿನ ಹುಡುಗರಿಗೂ ಅದು ಸಿಗ್ಬೇಕು ಅಂತ ವಯಸ್ಸಾದ ಕಾಲದಲ್ಲಿ ಇಟಾಲಿಯನ್ ಕಲಿತು ಎರಡೂ ಸಂಪುಟ ಅನುವಾದ ಮಾಡಿದ. ಈ ಶ್ರಮಕ್ಕೆ ನನಗೆ ನಿಜವಾಗಲೂ ಗೌರವ ಇದೆ, ಅವನನ್ನ ಬರೀ ತಪ್ಪು ಮಾಡಿದವನು ಅಂತ ನೆನೆಯೋದು ನ್ಯಾಯ ಅಲ್ಲ. ಆನ್ಯೇಸಿ ಆ ಸಮಸ್ಯೆಯ ಕೊನೇಲಿ ಕರ್ವ್‌ಗೆ 'ವೆರ್ಸಿಯೆರಾ ಅಂತಾರೆ' ಅಂತ ಬರೆದಿದ್ದಳು, ಯಾರು ಅಂತಾರೆ, ಯಾಕೆ ಅಂತಾರೆ ಅನ್ನೋ ವಿವರ ಅಲ್ಲಿರ್ಲಿಲ್ಲ. ಗ್ರಾಂದಿಯ ಟಿಪ್ಪಣಿ ಇದ್ದದ್ದು ಗೆಲಿಲಿಯೊ ಕೃತಿಗಳ ಸಂಪುಟದ ಒಳಗೆ. ಬರೀ ಪದ ನೋಡಿದವನಿಗೆ ಸಿಗೋ ಅರ್ಥ ಪಿಶಾಚಿಯೇ, ಅದನ್ನೇ ಕೋಲ್ಸನ್ 'ಸಾಮಾನ್ಯವಾಗಿ ಮಾಟಗಾತಿ ಅಂತ ಕರೀತಾರೆ' ಅನ್ನೋ ಅರ್ಥದಲ್ಲಿ ಇಂಗ್ಲಿಷ್‌ಗೆ ಇಳಿಸಿದ. 1760ರಲ್ಲಿ ಕೋಲ್ಸನ್ ತೀರ್ಕೊಂಡ, ಹಸ್ತಪ್ರತಿ ಹಾಗೇ ಉಳೀತು. ಜಾನ್ ಹೆಲ್ಲಿನ್ಸ್ ಅನ್ನೋರ ಸಂಪಾದನೆಯಲ್ಲಿ ಅದು ಅಚ್ಚಾಗಿ ಬಂದದ್ದು 1801ರಲ್ಲಿ. ಆನ್ಯೇಸಿ 1799ರಲ್ಲೇ ತೀರ್ಕೊಂಡಿದ್ಳು. ಅಂದ್ರೆ ತನ್ನ ಹೆಸರಿನ ಪಕ್ಕ ಮಾಟಗಾತಿ ಅಂತ ಅಚ್ಚಾದದ್ದನ್ನ ಆಕೆ ನೋಡಲೇ ಇಲ್ಲ, ಬರೆದವನೂ ನೋಡ್ಲಿಲ್ಲ, ತಿದ್ದೋಕೆ ಇಬ್ಬರಲ್ಲಿ ಯಾರೂ ಇರ್ಲಿಲ್ಲ. ಇಂಗ್ಲಿಷ್ ಪುಸ್ತಕಗಳು ಒಂದನ್ನ ನೋಡಿ ಇನ್ನೊಂದು ಬರ್ಕೊಂಡು ಹೋದ್ವು, ಇಂಗ್ಲಿಷ್ ಮೂಲಕ ಓದೋ ನಮ್ಮ ಪುಸ್ತಕಗಳಿಗೂ ಹಾಗೇ ಬಂತು. ಇಟಲಿಯಲ್ಲಿ ಇವತ್ತಿಗೂ ಅದು 'ವೆರ್ಸಿಯೆರಾ ದಿ ಆನ್ಯೇಸಿ' ಅಷ್ಟೇ.

ಈಗ ನಿಮ್ಮ ಲೆಕ್ಚರರ್ ಮಾತಿಗೆ ವಾಪಸ್ ಬರೋಣ. ಆಕೆಯನ್ನ ಆ ಕಾಲದ ಇಟಲಿ ಹೇಗೆ ನೋಡ್ತು? ಅಪ್ಪ ಪಿಯೆತ್ರೊ, ರೇಷ್ಮೆ ವ್ಯಾಪಾರದ ಶ್ರೀಮಂತ ಮನೆತನ. ಮೂರು ಮದುವೆಯಿಂದ 21 ಮಕ್ಕಳು, ಇವಳೇ ಹಿರಿಯಳು. ಒಂಬತ್ತು ವರ್ಷಕ್ಕೇ ಹೆಣ್ಣುಮಕ್ಕಳು ಯಾಕೆ ಓದ್ಬೇಕು ಅನ್ನೋದರ ಬಗ್ಗೆ ಲ್ಯಾಟಿನ್‌ನಲ್ಲಿ ಭಾಷಣ ಒಪ್ಪಿಸಿದ್ಳು. ಗ್ರೀಕ್, ಹೀಬ್ರೂ, ಫ್ರೆಂಚ್, ಸ್ಪ್ಯಾನಿಷ್, ಜರ್ಮನ್ ಎಲ್ಲ ಬರ್ತಿತ್ತು. ಅಪ್ಪ ಮನೆಗೆ ವಿದ್ವಾಂಸರನ್ನ ಕರೆಸಿ ಮಗಳ ಕೈಲಿ ವಾದ ಮಾಡಿಸೋನು, 1739ರಲ್ಲಿ ಫ್ರಾನ್ಸಿನ ಶಾರ್ಲ್ ದ ಬ್ರೊಸ್ ಅನ್ನೋ ಪ್ರವಾಸಿ ಅಂಥ ಒಂದು ಸಭೆ ನೋಡಿ ಪತ್ರದಲ್ಲಿ ಬರೆದಿಟ್ಟಿದಾನೆ. ಆಕೆಗೆ ಈ ಪ್ರದರ್ಶನ ಇಷ್ಟ ಇರ್ಲಿಲ್ಲ. ಸನ್ಯಾಸಿನಿ ಆಗ್ತೀನಿ ಅಂದ್ಳು, ಅಪ್ಪ ಒಪ್ಪಲಿಲ್ಲ, ಕೊನೆಗೆ ಸಾದಾ ಬಟ್ಟೆ ಹಾಕ್ತೀನಿ, ಬೇಕಾದಾಗ ಚರ್ಚ್‌ಗೆ ಹೋಗ್ತೀನಿ, ಡ್ಯಾನ್ಸ್, ನಾಟಕ ಅಂತ ಕರೀಬಾರ್ದು ಅಂತ ಷರತ್ತು ಹಾಕಿ ಮನೇಲೇ ಉಳಿದು ಗಣಿತಕ್ಕೆ ಕೂತಳು. ರಾಮಿರೊ ರಾಂಪಿನೆಲ್ಲಿ ಅನ್ನೋ ಸನ್ಯಾಸಿ ಪಾಠ ಹೇಳಿದ್ರು, ಡಿಫರೆನ್ಷಿಯಲ್ ಈಕ್ವೇಶನ್‌ನಲ್ಲಿ ನೀವು ಓದೋ ರಿಕಾತಿ, ಅದೇ ಯಾಕೊಪೊ ರಿಕಾತಿ, ಹಸ್ತಪ್ರತಿ ಓದಿ ಸಲಹೆ ಕೊಟ್ಟ. 1748ರಲ್ಲಿ, 30ನೇ ವಯಸ್ಸಿನಲ್ಲಿ, ಎರಡು ಸಂಪುಟ, ಒಟ್ಟು ಸಾವಿರ ಪುಟದ ಆಸುಪಾಸು, 'ಇಟಲಿಯ ಯುವಜನರ ಉಪಯೋಗಕ್ಕೆ ಅನಾಲಿಸಿಸ್ ಪಾಠಗಳು' ಅನ್ನೋ ಅರ್ಥದ ಹೆಸರಲ್ಲಿ ಪುಸ್ತಕ ಬಂತು.

ಆ ಪುಸ್ತಕದ ಮಹತ್ವ ಹೇಳದೇ ಮುಂದೆ ಹೋದ್ರೆ ತಪ್ಪಾಗುತ್ತೆ. ಆಗ ಗಣಿತ ಅಂದ್ರೆ ಲ್ಯಾಟಿನ್, ಕ್ಯಾಲ್ಕುಲಸ್ ಅಂದ್ರೆ ನ್ಯೂಟನ್ ಕಡೆಯವರದ್ದೊಂದು ಬರವಣಿಗೆ, ಲೈಬ್ನಿಜ್ ಕಡೆಯವರದ್ದೊಂದು, ಅಲ್ಲಲ್ಲಿ ಚದುರಿದ ಲೇಖನಗಳು. ಆಲ್ಜೀಬ್ರಾದಿಂದ ಶುರು ಮಾಡಿ ಕರ್ವ್‌ಗಳು, ಡಿಫರೆನ್ಷಿಯಲ್, ಇಂಟಿಗ್ರಲ್, ಕೊನೆಗೆ ಡಿಫರೆನ್ಷಿಯಲ್ ಈಕ್ವೇಶನ್‌ವರೆಗೆ ಒಂದೇ ಕ್ರಮದಲ್ಲಿ, ಜನರ ಮಾತಲ್ಲಿ, ಕಲಿಯೋ ಹುಡುಗ ಒಬ್ಬನೇ ಕೂತು ಓದಬಹುದಾದ ಹಾಗೆ ಬರೆಯೋದು ಅಂದ್ರೆ ಸಣ್ಣ ಕೆಲಸ ಅಲ್ಲ. ಕನ್ನಡದಲ್ಲಿ ವಿಜ್ಞಾನ ಬರೆಯೋಕೆ ಕೂತ ಯಾರಿಗೂ ಅದರ ಕಷ್ಟ ಗೊತ್ತಾಗುತ್ತೆ. ಮಿಲಾನ್ ಆಗ ಆಸ್ಟ್ರಿಯಾ ಆಳ್ವಿಕೆಯಲ್ಲಿತ್ತು, ಪುಸ್ತಕವನ್ನ ರಾಣಿ ಮಾರಿಯಾ ತೆರೆಸಾಗೆ ಅರ್ಪಿಸಿದ್ಳು, ಅವಳು ವಜ್ರದ ಉಂಗುರ ಕಳಿಸಿದ್ಳು. ಪೋಪ್ 14ನೇ ಬೆನೆಡಿಕ್ಟ್ ಸ್ವತಃ ಮೆಚ್ಚಿ ಪತ್ರ ಬರೆದು 1750ರಲ್ಲಿ ಬೊಲೊನ್ಯಾ ವಿಶ್ವವಿದ್ಯಾಲಯದ ಹುದ್ದೆಗೆ ಹೆಸರಿಸಿದ, ಆಕೆ ಅಲ್ಲಿಗೆ ಪಾಠ ಮಾಡೋಕೆ ಹೋಗ್ಲಿಲ್ಲ. ಎರಡನೇ ಸಂಪುಟ 1775ರಲ್ಲಿ ಫ್ರೆಂಚ್‌ನಲ್ಲೂ ಬಂತು. ಪೋಪ್ ಕೈಯಿಂದ ಮೆಚ್ಚುಗೆ ಪಡೆದ, ಭಾರೀ ದೈವಭಕ್ತಿ ಇದ್ದ ಹೆಣ್ಣನ್ನ ಮಾಟಗಾತಿ ಅಂತ ಕರೆದ್ರು ಅನ್ನೋದು ಯಾವ ಕಡೆಯಿಂದ ನೋಡಿದ್ರೂ ಹೊಂದಲ್ಲ. 1752ರಲ್ಲಿ ಅಪ್ಪ ಹೋದ ಮೇಲೆ ಗಣಿತ ಬಿಟ್ಟು ಬಡವರು, ರೋಗಿಗಳ ಸೇವೆಗೆ ಇಳಿದಳು, 1771ರಲ್ಲಿ ಮಿಲಾನ್‌ನಲ್ಲಿ ತೆರೆದ ತ್ರಿವುಲ್ಸಿಯೊ ಆಶ್ರಮದಲ್ಲಿ ಹೆಂಗಸರ ವಿಭಾಗದ ಮೇಲ್ವಿಚಾರಣೆ ವಹಿಸ್ಕೊಂಡು ಅಲ್ಲೇ ಕೊನೆಯುಸಿರೆಳೆದಳು.

ಹಾಗಂತ ಆಕೆಗೆ ಅನ್ಯಾಯ ಆಗಲೇ ಇಲ್ಲ ಅಂತ ನಾನು ಹೇಳಲ್ಲ. ಆಗಿದೆ, ಬೇರೆ ಥರ ಆಗಿದೆ. ಈ ಕರ್ವ್ ಆಕೆಯ ಶೋಧ ಅಲ್ಲ, ಫರ್ಮಾ, ಗ್ರಾಂದಿ ಆಗಲೇ ಮಾಡಿದ್ದರು, ಹೆಸರೂ ಆಕೆಯದ್ದಲ್ಲ. ಸಾವಿರ ಪುಟದಲ್ಲಿ ಅದು ಹಲವು ಉದಾಹರಣೆಗಳಲ್ಲಿ ಒಂದು. ಆದ್ರೆ ಇವತ್ತು ಕ್ಯಾಲ್ಕುಲಸ್ ಓದೋ ಹುಡುಗ ಹುಡುಗಿಗೆ ಆನ್ಯೇಸಿ ಅಂದ್ರೆ ಆ ಕರ್ವ್ ಮಾತ್ರ, ಕರ್ವ್ ಅಂದ್ರೆ ಮಾಟಗಾತಿ ಮಾತ್ರ. ಆಕೆ ನಿಜವಾಗಿ ಮಾಡಿದ ಕೆಲಸ, ಅಂದ್ರೆ ಆ ಪುಸ್ತಕ, ಹಿಂದೆ ಸರಿದುಹೋಗಿದೆ. ನನಗೆ ಬೇಜಾರಾಗೋದು ಇದಕ್ಕೆ. ನಿಮ್ಮ ಸೆಮಿನಾರ್‌ನಲ್ಲಿ ಐದು ನಿಮಿಷ ಸಿಕ್ಕರೆ ಅದರಲ್ಲಿ ಮೂರು ನಿಮಿಷ ಪುಸ್ತಕದ ಬಗ್ಗೆ ಮಾತಾಡಿ ಅಂತ ಕೇಳ್ಕೊತೀನಿ.

ಕರ್ವ್‌ನ ಗಣಿತದ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ನಿಮ್ಮ ಪುಸ್ತಕದಲ್ಲಿ ಹೇಗೂ ಇರುತ್ತೆ. ಕರ್ವ್‌ಗೂ ಕೆಳಗಿನ ಗೆರೆಗೂ ನಡುವಿನ ಒಟ್ಟು ಕ್ಷೇತ್ರಫಲ ಮೂಲ ವೃತ್ತದ ಸರಿಯಾಗಿ ನಾಲ್ಕು ಪಟ್ಟು, ನಮ್ಮ 10 ವ್ಯಾಸದ ವೃತ್ತಕ್ಕೆ ಸುಮಾರು 78.5 ಆದ್ರೆ ಕರ್ವ್‌ನದ್ದು ಸುಮಾರು 314. ವ್ಯಾಸ 1 ತಗೊಂಡ್ರೆ ಸೂತ್ರ 1 ÷ (1 + ಎಕ್ಸ್²) ಆಗುತ್ತೆ, ಟ್ಯಾನ್ ಇನ್ವರ್ಸ್‌ನ ಡೆರಿವೇಟಿವ್. ಅದನ್ನ ಪೈಯಿಂದ ಭಾಗಿಸಿದ್ರೆ ಸ್ಟ್ಯಾಟಿಸ್ಟಿಕ್ಸ್‌ನ ಕೋಶಿ ಡಿಸ್ಟ್ರಿಬ್ಯೂಶನ್, ಎಷ್ಟು ಸ್ಯಾಂಪಲ್ ತಗೊಂಡ್ರೂ ಸರಾಸರಿ ಒಂದು ಕಡೆ ನಿಲ್ಲದ ಆ ಪ್ರಸಿದ್ಧ ಉದಾಹರಣೆ. ಎತ್ತರ 1 ಇದ್ದಾಗಲೂ ದೂರ 30 ಬಂತಲ್ಲ, ಆ ಉದ್ದ ಬಾಲದ್ದೇ ಅಲ್ಲಿನ ತೊಂದರೆ. 1901ರಲ್ಲಿ ಜರ್ಮನಿಯ ರುಂಗೆ ಪಾಲಿನಾಮಿಯಲ್ ಇಂಟರ್‌ಪೊಲೇಶನ್ ಎಲ್ಲಿ ಕೈಕೊಡುತ್ತೆ ಅಂತ ತೋರಿಸೋಕೂ ಇದೇ ಜಾತಿಯ ಕರ್ವ್ ಬಳಸಿದ, ನ್ಯೂಮರಿಕಲ್ ಅನಾಲಿಸಿಸ್‌ನಲ್ಲಿ 1 ÷ (1 + 25ಎಕ್ಸ್²) ಅಂತ ಸಿಗುತ್ತೆ ನೋಡಿ.

ಕನ್ನಡದಲ್ಲಿ ಏನಂತ ಕರೀಬೇಕು ಅನ್ನೋ ನಿಮ್ಮ ಕೊನೇ ಪ್ರಶ್ನೆ. ದಯವಿಟ್ಟು 'ಆಗ್ನೇಸಿಯ ಮಾಟಗಾತಿ' ಅಂತ ಬರೀಬೇಡಿ. ಇಂಗ್ಲಿಷ್‌ನ ತಪ್ಪನ್ನ ನಾವು ಮತ್ತೆ ಅನುವಾದ ಮಾಡಿ ಎರಡನೇ ಸಲ ಅಚ್ಚು ಹಾಕೋ ಅಗತ್ಯ ಇಲ್ಲ. ಸ್ಲೈಡ್‌ನಲ್ಲಿ 'ಆನ್ಯೇಸಿ ವೆರ್ಸಿಯೆರಾ' ಅಂತ ಹಾಕಿ, ಕೇಳೋರಿಗೆ ಗುರುತು ಸಿಗ್ಲಿ ಅಂತ ಬಾಯಲ್ಲಿ ಒಂದು ಸಲ 'ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನ ವಿಚ್ ಆಫ್ ಅಗ್ನೇಸಿ ಅಂತಾರೆ' ಅಂತ ಹೇಳಿದ್ರೆ ಸಾಕು. ಪೂರ್ತಿ ಕನ್ನಡದ ಹೆಸರೇ ಬೇಕು ಅಂತ ಹಟ ಇದ್ರೆ 'ಉತ್ಕ್ರಮಜ್ಯಾ ವಕ್ರರೇಖೆ' ಅನ್ನಬಹುದು, ಗ್ರಾಂದಿ ಕೊಟ್ಟ ಕಾರಣಕ್ಕೆ ಅದು ತೀರಾ ಹತ್ತಿರ, ಆದ್ರೆ ಅದು ಯಾವ ಪಠ್ಯದಲ್ಲೂ ರೂಢಿಯಲ್ಲಿರೋ ಹೆಸರಲ್ಲ, ನೀವು ಬಳಸಿದ್ರೆ ನಾನು ಇಟ್ಕೊಂಡ ಹೆಸರು ಅಂತ ಸ್ಪಷ್ಟವಾಗಿ ಹೇಳಿ. ಬೋರ್ಡ್ ಮೇಲೆ ಬಿಡಿಸೋವಾಗ ಎತ್ತರವನ್ನ ಶರ, ಅರ್ಧ ಗೆರೆಯನ್ನ ಅರ್ಧಜ್ಯಾ ಅಂತ ಲೇಬಲ್ ಮಾಡಿ, ಆಗ ಸಮಸ್ಯೆ ಒಂದೇ ಸಾಲಿಗೆ ಬರುತ್ತೆ: ಶರಕ್ಕೆ ಅರ್ಧಜ್ಯಾ ಹೇಗೋ ವ್ಯಾಸಕ್ಕೆ ದೂರ ಹಾಗೆ. ಮೊದಲು 2, 4, 10, 20 ಹಾಕಿ ತೋರಿಸಿ, ಸೂತ್ರ ಆಮೇಲೆ ಬರೀರಿ.